ಗೂಬೆಗೆ ಒಂಚೂರು ಈ ಕಡೆ ನೋಡೋಕೆ ಹೇಳಿ ಸಾರ್

ವನ್ಯಜೀವಿ ಪಾರ್ಕಿಗೆ ಹೋಗೋರ ಮೊದಲ ಕಂಪ್ಲೇಂಟು ಪ್ರಾಣಿಗಳು ಮಲಗಿರ್ತವೆ ಅನ್ನೋದು. ದುಡ್ಡು ಕೊಟ್ಟು ಟಿಕೆಟ್ ತಗೊಂಡು ಬಂದ್ರೆ ತೋಳ ಪೊದೆ ಹಿಂದೆ ಬರೀ ಕಿವಿ ತೋರಿಸ್ಕೊಂಡು ಬಿದ್ದಿದೆ, ನೀರುನಾಯಿ ಬಿಲ ಬಿಟ್ಟು ಆಚೆನೇ ಬರ್ತಿಲ್ಲ, ಇದೇನ್ರೀ ಮ್ಯಾನೇಜ್‌ಮೆಂಟು? ಅದಕ್ಕೇ ಉಂಗುರದ ಕೈಲಿ ಗಾಜಿಗೆ ಟಕಟಕ ಅಂತ ಬಡಿಯೋದು, ಅದೂ 'ಗಾಜು ಬಡಿಯಬೇಡಿ' ಅನ್ನೋ ಬೋರ್ಡಿಗೇ ಒರಗಿಕೊಂಡು.

ಗೇಟಲ್ಲೇ ಇಲ್ಲಿ ಸ್ಥಳೀಯ ಪ್ರಾಣಿ ಪಕ್ಷಿ ಮಾತ್ರ ಅಂತ ದಪ್ಪಕ್ಷರದಲ್ಲಿ ಬರ್ದಿರ್ತಾರೆ, ಆದ್ರೂ ಜಿರಾಫೆ ಎಲ್ಲಿ ಅಂತ ಕೇಳೋರು ಇದ್ದೇ ಇರ್ತಾರೆ. ನರಿ ನೋಡೋಕೆ ಇಷ್ಟು ದೂರ ಬರ್ಬೇಕಿತ್ತಾ ಅಂತ ಮೂಗು ಮುರಿಯೋರು ಜೀವಮಾನದಲ್ಲಿ ನರಿ ನೋಡಿರೋದೆಲ್ಲಾ ಮೊಬೈಲಲ್ಲಿ. ಕರಡಿ ನಿಂತಲ್ಲೇ ತಲೆ ಅಲ್ಲಾಡಿಸ್ತಿದ್ರೆ ಮಾತ್ರ ಎಲ್ರಿಗೂ ಖುಷಿ, ಡಾನ್ಸ್ ಅಂತೆ, ಹಾಡು ಹಾಕಿ ರೀಲ್ಸ್ ಬೇರೆ. ಕೂಡಿಹಾಕಿದ ಪ್ರಾಣಿ ಬೇಜಾರಿಗೆ, ಒತ್ತಡಕ್ಕೆ ಹಂಗೆ ಮಾಡುತ್ತೆ ಅಂತ ಹೇಳಿದವನೇ ಮೂಡ್ ಹಾಳು ಮಾಡಿದವನು.

ಇನ್ನು ಬೇಟೆ ಹಕ್ಕಿಗಳ ಶೋ. ಗೂಬೆ ಕಣ್ಣುಗುಡ್ಡೆ ಅಲ್ಲಾಡಲ್ಲ, ಇದ್ದಲ್ಲೇ ಫಿಕ್ಸು, ಅದಕ್ಕೇ ಕತ್ತನ್ನೇ 270 ಡಿಗ್ರಿವರೆಗೂ ತಿರುಗಿಸುತ್ತೆ ಅಂತ ಕೀಪರ್ ವಿವರಿಸ್ತಿದ್ರೆ ಹಿಂದಿನ ಸಾಲಿಂದ ಒಬ್ಬರು, ಫುಲ್ ರೌಂಡ್ ಬರಲ್ವಾ? ಇಲ್ಲ ಅಂದಿದ್ದಕ್ಕೆ ಮುಖ ಸಪ್ಪಗೆ. ಬಾಕಿ 90 ಡಿಗ್ರಿ ದುಡ್ಡು ವಾಪಸ್ ಕೇಳೋದೊಂದು ಬಾಕಿ.

ಆಮೇಲೆ ಪೆರೆಗ್ರಿನ್ ಫಾಲ್ಕನ್ ಬರುತ್ತೆ. ಮೇಲಿಂದ ಎರಗುವಾಗ ಇದರ ಸ್ಪೀಡು ಗಂಟೆಗೆ 300 ಕಿ.ಮೀ. ದಾಟುತ್ತೆ ಅಂದಿದ್ದೇ ತಡ ಎಲ್ಲಾ ಫೋನೂ ಮೇಲಕ್ಕೆ, ಹಕ್ಕಿ ನೆಟ್ಟಗೆ ಹೋಗಿ ಲೈಟ್ ಕಂಬದ ಮೇಲೆ ಕೂತು ರೆಕ್ಕೆ ಕೆರ್ಕೊಳ್ಳುತ್ತೆ. ಈ ಹಕ್ಕಿಗಳನ್ನ ಶೋಗೆ ಮುಂಚೆ ತಕ್ಕಡೀಲಿ ತೂಗೋದೇ ಇದಕ್ಕೆ, ಹಸಿವಿದ್ರೆ ಗ್ಲೌಸಲ್ಲಿರೋ ಮಾಂಸದ ಚೂರಿಗೆ ಬರುತ್ತೆ, ಹೊಟ್ಟೆ ತುಂಬಿದ್ರೆ ತಿರುಗಿನೂ ನೋಡಲ್ಲ, ಪ್ರೀತಿ ಗೀತಿ ಏನಿಲ್ಲ (ಕೀಪರ್ ಪಾಪ ಶಿಳ್ಳೆ ಹೊಡೆದು ಹೊಡೆದು ಸುಸ್ತು). ಜನ ಮಾತ್ರ ಟ್ರೈನಿಂಗ್ ಸರಿ ಇಲ್ಲ ಅಂತ ಎದ್ದು ಹೊರಡ್ತಾರೆ.

ಹೋಗೋ ದಾರೀಲಿ ರಣಹದ್ದು. ಅಲ್ಲಿ ಸೆಲ್ಫಿಗೆ ಕ್ಯೂನೇ ಇಲ್ಲ. ಸತ್ತ ಪ್ರಾಣಿಯೊಳಗೆ ತಲೆ ಹಾಕಿ ಊರು ಕ್ಲೀನ್ ಮಾಡೋ ಹಕ್ಕಿಗೆ ಥೂ ಎಂಥ ಗಲೀಜು ಅಂತಂದು, ಖಾಲಿ ಬಾಟ್ಲಿನ ಬೇಲಿ ಮೇಲಿಂದ ಅದರ ಮುಂದೇನೇ ಎಸೆದು ಹೋಗ್ತಾರೆ.