ಹೆಸರಿಲ್ಲದವನು ಒಟ್ಟಿದ ಸೌದೆ

ಹೆನ್ರಿ ಲಾಸನ್ 1892ರಲ್ಲಿ ಬರೆದ ‘ದಿ ಡ್ರೋವರ್ಸ್ ವೈಫ್’ ಆಸ್ಟ್ರೇಲಿಯಾದ ಅತ್ಯಂತ ಹೆಸರುವಾಸಿ ಸಣ್ಣಕತೆಗಳಲ್ಲಿ ಒಂದು. ಕುರಿ ಹೊಡೆದುಕೊಂಡು ಹೋದ ಗಂಡ ತಿಂಗಳುಗಟ್ಟಲೆ ಮನೆಗೆ ಬಂದಿಲ್ಲ. ನಾಲ್ಕು ಮಕ್ಕಳು, ಒಂದು ನಾಯಿ, ಮನೆಯ ನೆಲದಡಿ ಹೊಕ್ಕ ಒಂದು ಹಾವು. ಹೆಂಗಸು ರಾತ್ರಿಯಿಡೀ ಕಾವಲು ಕೂರುತ್ತಾಳೆ. ನಡುವೆ ಸೌದೆ ತರಲು ಹೋಗಿ ಒಂದು ಕೊರಡು ಎಳೆದರೆ ಇಡೀ ರಾಶಿಯೇ ಕುಸಿಯುತ್ತದೆ. ಹಿಂದಿನ ದಿನ ಆ ಕಡೆ ಬಂದಿದ್ದ ಆದಿವಾಸಿಯೊಬ್ಬನಿಂದ ಅದನ್ನು ಒಟ್ಟಿಸಿದ್ದಳು. ಸೋಮಾರಿಯಲ್ಲ ಎಂದು ಹೊಗಳಿ ಹೊಗೆಸೊಪ್ಪನ್ನು ಒಂದಿಷ್ಟು ಹೆಚ್ಚಾಗಿಯೇ ಕೊಟ್ಟಿದ್ದಳು. ಅವನು ನೋಡಿದರೆ ಒಳಗೆ ಟೊಳ್ಳು ಬಿಟ್ಟು ಒಟ್ಟಿದ್ದ. ತನ್ನ ಕುಲದ ಕೊನೆಯವನು, ಮೇಲಾಗಿ ರಾಜ ಎಂದು ಲಾಸನ್ ಒಂದು ಸಾಲಿನಲ್ಲಿ ಕುಟುಕಿ ಮುಂದೆ ಹೋಗುತ್ತಾರೆ.

ಕತೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಓದಿದಾಗಲೆಲ್ಲ ನಾನು ಆ ಸಾಲಿನ ಹತ್ತಿರವೇ ನಿಂತುಬಿಡುತ್ತೇನೆ. ಅವನ ಕುಲದ ಉಳಿದವರೆಲ್ಲ ಎಲ್ಲಿ ಹೋದರು? ರಾಜನಾದವನು ತನ್ನದೇ ಕಾಡಿನ ಸೌದೆಯನ್ನು ಒಂದು ಚೂರು ಹೊಗೆಸೊಪ್ಪಿಗೆ ಯಾಕೆ ಒಟ್ಟಬೇಕಾಯಿತು? ಲಾಸನ್ ಇದನ್ನು ಕೇಳುವುದೇ ಇಲ್ಲ. 1788ರಲ್ಲಿ 11 ಹಡಗುಗಳಲ್ಲಿ ಬಂದಿಳಿದ ಬ್ರಿಟಿಷರು ಕಟ್ಟಿದ ದೇಶ ಈ ನೆಲಕ್ಕೆ ಮೊದಲು ಒಡೆಯರೇ ಇರಲಿಲ್ಲ ಎಂಬಂತೆ ನಡೆದುಕೊಂಡಿತು. ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಆ ಸುಳ್ಳನ್ನು ತಳ್ಳಿಹಾಕಿದ್ದು 1992ರಲ್ಲಿ, ಮಾಬೊ ಪ್ರಕರಣದಲ್ಲಿ. 2016ರಲ್ಲಿ ಆದಿವಾಸಿ ನಟಿ, ಲೇಖಕಿ ಲಿಯಾ ಪರ್ಸೆಲ್ ಇದೇ ಕತೆಯನ್ನು ನಾಟಕ ಮಾಡಿದಾಗ ಆದಿವಾಸಿಗೆ ಯಡಾಕ ಎಂಬ ಹೆಸರು ಬಂತು. ಅಷ್ಟೇ ಅಲ್ಲ, ಆ ಹೆಂಗಸಿನ ಹೆತ್ತ ತಾಯಿಯೇ ಆದಿವಾಸಿ ಎಂಬ ಗುಟ್ಟೂ ಹೊರಬಿತ್ತು.

ವಲಸೆ ಬಂದವರು ಕಟ್ಟಿದ ದೇಶದ ಸಾಹಿತ್ಯವನ್ನು ಓದುವಾಗ ಆದಿವಾಸಿಗಳ ಬಗ್ಗೆ ಏನು ಬರೆದಿದ್ದಾರೆ ಎಂಬುದಕ್ಕಿಂತ, ಬರೆದವರು ಯಾರು, ಹೊತ್ತಗೆಯ ಮೇಲೆ ಯಾರ ಹೆಸರಿದೆ ಎಂದು ನೋಡಬೇಕು ಎನ್ನುವವನು ನಾನು. ಆದಿವಾಸಿ ಲೇಖಕ ಡೇವಿಡ್ ಯುನೈಪನ್ ಅವರನ್ನೇ ನೋಡಿ. 1920ರ ದಶಕದಲ್ಲಿ ಊರೂರು ತಿರುಗಿ ತಮ್ಮ ಜನರ ಕತೆಗಳನ್ನು ಕೂಡಿಸಿ ಬರೆದವರು ಅವರು. 1930ರಲ್ಲಿ ಅದು ಪುಸ್ತಕವಾಗಿ ಬಂದಾಗ ಮೇಲಿದ್ದದ್ದು ರಾಮ್ಸೆ ಸ್ಮಿತ್ ಎಂಬ ಬಿಳಿಯ ವೈದ್ಯರ ಹೆಸರು. ಯುನೈಪನ್ ಅವರ ಮುಖ 1995ರಲ್ಲಿ 50 ಡಾಲರ್ ನೋಟಿನ ಮೇಲೆ ಬಂತು. ಅವರ ಹೆಸರಿನಲ್ಲೇ ಆ ಪುಸ್ತಕ ಬರಲು 2001 ಆಗಬೇಕಾಯಿತು! ನೋಟಿನ ಮೇಲೆ ಅಚ್ಚು ಹಾಕಿಸುವುದೇ ಸುಲಭ ಎಂದಾಯಿತು.

ಬಿಳಿಯ ಲೇಖಕರು ಸುಮ್ಮನಿದ್ದರು ಎಂದೇನಲ್ಲ. ಥಾಮಸ್ ಕೆನೀಲಿ 1972ರಲ್ಲಿ ಆದಿವಾಸಿಯೊಬ್ಬನ ಮನಸ್ಸಿನೊಳಗೇ ಹೊಕ್ಕು ಕಾದಂಬರಿ ಬರೆದರು, ಆಮೇಲೆ ಈಗಾದರೆ ಹಾಗೆ ಬರೆಯುತ್ತಿರಲಿಲ್ಲ ಎಂದರು. ಕೇಟ್ ಗ್ರೆನ್‌ವಿಲ್ 2005ರ ‘ದಿ ಸೀಕ್ರೆಟ್ ರಿವರ್’ನಲ್ಲಿ ಹಾಕ್ಸ್‌ಬರಿ ನದಿಯ ದಡದಲ್ಲಿ ನೆಲ ಹಿಡಿದ ತಮ್ಮ ಪೂರ್ವಜನ ಜಾಡನ್ನೇ ಹಿಡಿದು ಹೊರಟರು. ಆದರೆ ಆದಿವಾಸಿಗಳ ಒಳಮನಸ್ಸಿಗೆ ಕೈಹಾಕಲಿಲ್ಲ. ನನಗೆ ಆ ಸಂಕೋಚ ಹಿಡಿಸಿತು. ಆದರೂ ಅದು ನೆಲ ಕಿತ್ತುಕೊಂಡವನ ಪಾಪಪ್ರಜ್ಞೆಯ ಕತೆ, ಕಳೆದುಕೊಂಡವರದ್ದಲ್ಲ.

ಕಳೆದುಕೊಂಡವರ ಮನೆಯೊಳಗೆ ಹೋಗಬೇಕೆಂದರೆ ಸ್ಯಾಲಿ ಮಾರ್ಗನ್ 1987ರಲ್ಲಿ ಬರೆದ ಆತ್ಮಕತೆ ‘ಮೈ ಪ್ಲೇಸ್’ ಓದಬೇಕು. ಪರ್ತ್ ನಗರದಲ್ಲಿ ಬೆಳೆದ ಹುಡುಗಿ. ನೀವು ಯಾವ ದೇಶದವರು ಎಂದು ಶಾಲೆಯಲ್ಲಿ ಕೇಳುತ್ತಾರೆ. ಭಾರತೀಯರು ಎಂದು ಹೇಳು ಎನ್ನುತ್ತಾಳೆ ತಾಯಿ. ಹೌದು, ನಮ್ಮ ಭಾರತವೇ! ಹದಿಹರೆಯದವರೆಗೂ ಅವಳು ಅದನ್ನೇ ನಂಬಿದ್ದಳು. ಮಿಶ್ರ ರಕ್ತದ ಮಕ್ಕಳನ್ನು ಸರ್ಕಾರವೇ ತಾಯಂದಿರ ಮಡಿಲಿನಿಂದ ಕಿತ್ತೊಯ್ಯುತ್ತಿದ್ದ ಕಾಲವನ್ನು ಕಂಡುಂಡ ಅಜ್ಜಿ, ಸರ್ಕಾರದವರು ಎಂದರೆ ಮುದಿವಯಸ್ಸಿನಲ್ಲೂ ನಡುಗುತ್ತಿದ್ದಳು. ಹುಟ್ಟಿದ ನೆಲದಲ್ಲೇ ಪರದೇಶಿಯ ವೇಷ ಹಾಕಿದರೆ ಬದುಕಬಹುದು ಎಂದು ಒಂದು ಕುಟುಂಬಕ್ಕೆ ಅನ್ನಿಸಿತಲ್ಲ, ಇದಕ್ಕಿಂತ ದೊಡ್ಡ ಚರಿತ್ರೆಯನ್ನು ಯಾವ ಪಠ್ಯಪುಸ್ತಕ ಹೇಳೀತು?

ಕಿಮ್ ಸ್ಕಾಟ್ ಅವರ ‘ಬೆನಾಂಗ್’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಆದಿವಾಸಿಗಳ ‘ರಕ್ಷಕ’ ಎಂಬ ಹುದ್ದೆಯಲ್ಲಿದ್ದ ಎ. ಒ. ನೆವಿಲ್ ಬರೆದದ್ದನ್ನು ಅವರು ಕಾದಂಬರಿಯೊಳಗೆ ಹಾಗೇ ತಂದಿಡುತ್ತಾರೆ. ತಲೆಮಾರುಗಳ ಬೆರಕೆಯಿಂದ ಬಣ್ಣವನ್ನು ಅಳಿಸಿಬಿಡಬಹುದು ಎಂಬ ಲೆಕ್ಕಾಚಾರ ಅದು. ಆ ಲೆಕ್ಕದ ‘ಯಶಸ್ಸು’ ಎನಿಸಿಕೊಂಡ ಕಥಾನಾಯಕ ಹಾರ್ಲಿ ನೆಲದ ಮೇಲೆ ನಿಲ್ಲಲಾಗದೆ ತೇಲುತ್ತಾನೆ, ಚಾವಣಿಗೆ ಹೋಗಿ ತಗಲುತ್ತಾನೆ. ಅಳಿಸಲೆಂದು ಬರೆದ ಕಡತಗಳನ್ನೇ ಸಾಕ್ಷಿಗೆ ನಿಲ್ಲಿಸಿದ ಈ ಕಾದಂಬರಿಗೆ 2000ರಲ್ಲಿ ಆಸ್ಟ್ರೇಲಿಯಾದ ದೊಡ್ಡ ಸಾಹಿತ್ಯ ಪ್ರಶಸ್ತಿಯಾದ ಮೈಲ್ಸ್ ಫ್ರಾಂಕ್ಲಿನ್ ಪ್ರಶಸ್ತಿ ಬಂತು. ಆದಿವಾಸಿ ಲೇಖಕರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು.

ಇಷ್ಟೆಲ್ಲ ಬರೆದಾದ ಮೇಲೂ 2023ರ ಅಕ್ಟೋಬರ್‌ನಲ್ಲಿ, ಆದಿವಾಸಿಗಳ ದನಿಗೆ ಸಂವಿಧಾನದಲ್ಲಿ ಜಾಗ ಕೊಡೋಣವೇ ಎಂದು ಕೇಳಿದಾಗ, ಸುಮಾರು 60% ಮತದಾರರು ಬೇಡ ಎಂದರು. ಪುಸ್ತಕಗಳು ಮತಪೆಟ್ಟಿಗೆಯನ್ನು ಬದಲಿಸುತ್ತವೆ ಎಂಬ ಭ್ರಮೆ ನನಗಿಲ್ಲ.

ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನೆಲೆಸಿರುವ ಕನ್ನಡಿಗ ಗೆಳೆಯರೇ, ಪೌರತ್ವ ಪರೀಕ್ಷೆಯ ಪುಸ್ತಿಕೆಯ ಜೊತೆಗೆ ಇವುಗಳನ್ನೂ ಇಟ್ಟುಕೊಳ್ಳಿ. ಮೊದಲು ಮಾರ್ಗನ್, ಆಮೇಲೆ ಸ್ಕಾಟ್. ಆದಿವಾಸಿ ಲೇಖಕಿ ಅಲೆಕ್ಸಿಸ್ ರೈಟ್ ಅವರ ‘ಕಾರ್ಪೆಂಟೇರಿಯ’ ಕೊನೆಗಿರಲಿ, ಅದಕ್ಕೆ ತಾಳ್ಮೆ ಬೇಕು. ಆದಿಕಾಲದ ಸರ್ಪವೊಂದು ನದಿಗಳನ್ನು ಕೊರೆಯುತ್ತಾ ಹೋಗುವಲ್ಲಿ ಶುರುವಾಗುವ ಆ ಕಾದಂಬರಿಯಲ್ಲಿ ಕಾಲ ನೇರವಾಗಿ ನಡೆಯುವುದೇ ಇಲ್ಲ. ಕತೆಯೊಳಗೆ ಕತೆ ಕೇಳುತ್ತಾ ಬೆಳೆದ ನಮ್ಮವರು ಇಂಗ್ಲಿಷ್ ವಿಮರ್ಶಕರಷ್ಟು ಗಾಬರಿಯಾಗಬೇಕಿಲ್ಲ.