ಚಾರ್ಲಿ ಮಾರಿಯಾನೋ: ‘ಜ್ಯೋತಿ’ಗೂ ಮೂವತ್ತು ವರ್ಷ ಮೊದಲು

ಚಾರ್ಲಿ ಮಾರಿಯಾನೋ ಎಂಬ ಹೆಸರು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರಿಗೂ ಗೊತ್ತಿರುವುದು 1983ರ ‘ಜ್ಯೋತಿ’ಯಿಂದ. ಆರ್.ಎ. ರಮಾಮಣಿಯವರ ಕಂಠ, ಟಿ.ಎ.ಎಸ್. ಮಣಿಯವರ ಮೃದಂಗ, ಆರ್.ಎ. ರಾಜಗೋಪಾಲರ ಘಟ, ಟಿ.ಎನ್. ಶಶಿಕುಮಾರರ ಖಂಜಿರ, ಇಷ್ಟರ ನಡುವೆ ಒಬ್ಬ ಅಮೆರಿಕನ್ನರ, ಅಂದರೆ ಮಾರಿಯಾನೋ ಅವರ, ಸ್ಯಾಕ್ಸೋಫೋನು. ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಜರ್ಮನಿಯ ಇಸಿಎಂ ಕಂಪನಿಗೆ ಮಾಡಿದ ರೆಕಾರ್ಡು ಅದು.

ನನಗೆ ಅದು ಸಿಕ್ಕಿದ್ದು ಸೋದರಮಾವನಿಂದ. ಜರ್ಮನಿಯಲ್ಲಿ ಕೆಲಸಕ್ಕಿದ್ದವರು ರಜೆಗೆ ಬಂದಾಗ ಒಂದು ಕ್ಯಾಸೆಟ್ ತಂದುಕೊಟ್ಟು, “ನಮ್ಮೂರಿನವರೇ ಕಣೋ, ಕೇಳು” ಅಂದಿದ್ದರು. ನಾನಾಗ ಮೃದಂಗ ಕಲಿಯುತ್ತಿದ್ದ ಹುಡುಗ. ಮೃದಂಗಕ್ಕಾಗಿ, ಬಾಯಲ್ಲಿ ಸೊಲ್ಲು ನುಡಿಯುವ ಕೊನ್ನಕೋಲಿಗಾಗಿ ಆ ಕ್ಯಾಸೆಟ್ಟನ್ನು ಟೇಪು ಸವೆಯುವವರೆಗೂ ಕೇಳಿದೆ. ಸ್ಯಾಕ್ಸೋಫೋನು ನುಡಿಸುತ್ತಿದ್ದವರಿಗೆ ಆಗ ಅರವತ್ತು ಹತ್ತಿರವಾಗಿತ್ತು ಅನ್ನುವುದೇ ನನಗೆ ಗೊತ್ತಿರಲಿಲ್ಲ. ಅದಕ್ಕೂ ಮುಂಚೆ ಅವರು ಏನು ಮಾಡಿಕೊಂಡಿದ್ದರು ಎಂದು ಕೇಳಿಕೊಳ್ಳಲೂ ಇಲ್ಲ.

ಈ ಮಳೆಗಾಲ ಪೂರ್ತಿ ನಾನು ಕೇಳಿದ್ದು ಅದನ್ನೇ, ಅವರ 1950ರ ದಶಕದ ರೆಕಾರ್ಡುಗಳನ್ನು. ನೇರಾನೇರ ಬೀಬಾಪ್ ಎಂಬ ಜಾಝ್ ಬಗೆ. ತಂಬೂರಿ ಇಲ್ಲ, ನಾಗಸ್ವರ ಇಲ್ಲ, ಪೂರ್ವ-ಪಶ್ಚಿಮ ಸಂಗಮದ ಮಾತಿಲ್ಲ. ಒಂದು ಬಾಸ್, ಒಂದು ಡ್ರಮ್ಸ್, ಒಂದು ಪಿಯಾನೋ, ಎದುರಿಗೆ ಆಲ್ಟೋ ಸ್ಯಾಕ್ಸೋಫೋನು. ಕೇಳುತ್ತಾ ಹೋದ ಹಾಗೆ ನನ್ನದೇ ಒಂದು ಹಳೆಯ ಮಾತು ತಪ್ಪು ಅನ್ನಿಸಿತು. “ಭಾರತದ ಸಂಗೀತ ಕಲಿತ ಮೇಲೇ ಆ ಮನುಷ್ಯ ನಿಜವಾದ ಕಲಾವಿದನಾದದ್ದು” ಎಂದು ನಾನು ಎಷ್ಟೋ ಜನರ ಮುಂದೆ ಹೇಳಿದ್ದೇನೆ. ನಮ್ಮ ಸಂಗೀತಪ್ರಿಯರ ನಡುವೆ ಈ ಮಾತು ಹೆಮ್ಮೆಯಿಂದ ಓಡಾಡುತ್ತದೆ. ಇವತ್ತು ಅದನ್ನು ವಾಪಸ್ ತೆಗೆದುಕೊಳ್ಳುತ್ತಿದ್ದೇನೆ. 1956ರ ಹೊತ್ತಿಗೇ ಅವರು ಪೂರ್ಣ ಕಲಾವಿದರಾಗಿದ್ದರು. ನಮ್ಮಲ್ಲಿಗೆ ಕಲಿಯಲು ಬಂದಾಗ ಅವರು ಬರಿಗೈಯಲ್ಲಿ ಬಂದಿರಲಿಲ್ಲ.

ಮಾರಿಯಾನೋ ಹುಟ್ಟಿದ್ದು 1923ರಲ್ಲಿ, ಬಾಸ್ಟನ್ನಿನಲ್ಲಿ, ಇಟಲಿಯಿಂದ ವಲಸೆ ಬಂದ ಮನೆಯಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಸೇನೆಯ ಬ್ಯಾಂಡುಗಳಲ್ಲಿ ನುಡಿಸಿದರು. ಆ ವಯಸ್ಸಿನ ಆಲ್ಟೋ ವಾದಕರ ಬದುಕನ್ನೇ ತಿರುಗಿಸಿದವರು ಚಾರ್ಲಿ ಪಾರ್ಕರ್. ಪಾರ್ಕರ್, ಡಿಜ್ಜಿ ಗಿಲೆಸ್ಪಿ, ಥೆಲೋನಿಯಸ್ ಮಂಕ್ ಮುಂತಾದವರು 1940ರ ದಶಕದ ಮೊದಲಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನ ರಾತ್ರಿಕೂಟಗಳಲ್ಲಿ ಕಟ್ಟಿದ ಸಂಗೀತವೇ ಬೀಬಾಪ್. ಕುಣಿಯುವವರಿಗಾಗಿ ನುಡಿಸುತ್ತಿದ್ದ ಜಾಝ್ ಅಲ್ಲಿ ಕೂತು ಕೇಳುವವರ ಸಂಗೀತವಾಯಿತು. ಕಾಲ ದುಪ್ಪಟ್ಟಾಯಿತು, ಸ್ವರಗಳು ಒತ್ತೊತ್ತಾಗಿ ಬಂದವು.

ನಮ್ಮ ಕಿವಿಗೆ ಬೀಬಾಪ್ ಯಾಕೆ ಒಗ್ಗುವುದಿಲ್ಲ ಅನ್ನುವುದನ್ನೂ ಹೇಳಬೇಕು, ಏಕೆಂದರೆ ನನಗೂ ಮೊದಲ ವಾರ ಒಗ್ಗಲಿಲ್ಲ. ನಮ್ಮಲ್ಲಿ ಷಡ್ಜ ಅಲುಗುವುದಿಲ್ಲ. ತಂಬೂರಿ ಮೀಟಿದರೆ ಕಛೇರಿ ಮುಗಿಯುವವರೆಗೂ ಅದೇ ನೆಲ. ಬೀಬಾಪಿನಲ್ಲಿ ಕೆಳಗಿನ ಕಾರ್ಡು, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ನಾಲ್ಕು ಎಣಿಕೆಗೊಮ್ಮೆ, ಕೆಲವೆಡೆ ಎರಡು ಎಣಿಕೆಗೊಮ್ಮೆ ಬದಲಾಗುತ್ತದೆ. ಈಗ ತಾನೇ ಹಿತವಾಗಿದ್ದ ಸ್ವರ ಮುಂದಿನ ಕ್ಷಣಕ್ಕೆ ಅಪಸ್ವರ. ನುಡಿಸುವವನು ಓಡುತ್ತಲೇ ಪ್ರತಿ ಹೆಜ್ಜೆಗೂ ಹೊಸ ನೆಲ ಹುಡುಕಬೇಕು, ಅದೂ ಒಂದು ನಿಮಿಷಕ್ಕೆ ಇನ್ನೂರು ಮುನ್ನೂರು ಎಣಿಕೆಯ ಓಟದಲ್ಲಿ. ಸ್ಥಿರವಾದ ರಾಗಭಾವ ಹುಡುಕಿ ಕೂತವರಿಗೆ ಅಲ್ಲಿ ಏನೂ ಸಿಗುವುದಿಲ್ಲ.

ನನಗೆ ದಾರಿ ತೋರಿಸಿದ್ದು ರಾಗವಲ್ಲ, ತಾಳ. ಡ್ರಮ್ಮರ್ ಶೆಲ್ಲಿ ಮ್ಯಾನ್ ಅವರ ತಂಡದಲ್ಲಿ ಮಾರಿಯಾನೋ ನುಡಿಸಿದ 1956ರ ‘ಸ್ವಿಂಗಿಂಗ್ ಸೌಂಡ್ಸ್’ ಎಂಬ ರೆಕಾರ್ಡಿದೆ. ಅದರಲ್ಲಿ ‘ಬರ್ನೀಸ್ ಟ್ಯೂನ್’ ಬರುತ್ತಿತ್ತು. ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಾ ಕೇಳುತ್ತಿದ್ದವನಿಗೆ ಕೈ ತಾನಾಗಿ ಆದಿತಾಳ ಹಾಕತೊಡಗಿತು. ಆ ಹಾಡಿನ ಒಂದು ಸುತ್ತು ಮೂವತ್ತೆರಡು ಬಾರ್, ಬಾರಿಗೆ ನಾಲ್ಕು ಎಣಿಕೆ. ಅಂದರೆ 128 ಎಣಿಕೆ, ಎಂಟೆಣಿಕೆಯ ಆದಿತಾಳದ ಹದಿನಾರು ಆವರ್ತ. ಮೊದಲ ನಾಲ್ಕು ಆವರ್ತ ಒಂದು ಧಾಟಿ, ಮತ್ತೆ ನಾಲ್ಕು ಅದೇ ಧಾಟಿ, ಆಮೇಲೆ ನಾಲ್ಕು ಬೇರೆ ಬಣ್ಣ, ಕೊನೆಗೆ ನಾಲ್ಕು ಮೊದಲಿನದೇ. ಕಣ್ಣಿಗೆ ಕಟ್ಟಿದ ಬಟ್ಟೆ ಬಿಚ್ಚಿದ ಹಾಗಾಯಿತು. ಗೊಂದಲ ಅಂದುಕೊಂಡಿದ್ದರೊಳಗೆ ಗೋಡೆ, ಬಾಗಿಲು, ಅಂಗಳ ಎಲ್ಲ ಇತ್ತು.

ಬೆಳಿಗ್ಗೆ ಸಂಗೀತಪಾಠಕ್ಕೆ ಹೊರಟಿದ್ದ ಮಗಳು ನಿಂತು ನೋಡಿ ಕೇಳಿದಳು: “ಅಪ್ಪಾ, ಅವರು ಪೆಟ್ಟು ಉಲ್ಟಾ ಹಾಕ್ತಿದಾರಲ್ಲ?” ಸರಿಯಾಗೇ ಹಿಡಿದಿದ್ದಳು. ಡ್ರಮ್ಮರ್ ಕಾಲಿನಲ್ಲಿ ಒತ್ತುವ ಜೋಡಿ ತಾಳ, ಅದೇ ಹೈಹ್ಯಾಟ್, ಎರಡು ಮತ್ತು ನಾಲ್ಕನೆಯ ಎಣಿಕೆಗೆ ಬೀಳುತ್ತದೆ. ಆದಿತಾಳದಲ್ಲಿ ಅದು ಕಿರುಬೆರಳು, ನಡುಬೆರಳು ಎಣಿಸುವ ಜಾಗ. ಮುಂದೆ ಹೋದರೆ ಎರಡು ಹುಸಿಗಳ, ಅಂದರೆ ಅಂಗೈ ಮೇಲೆ ತಿರುಗಿಸುವ, ಜಾಗ. ನಮ್ಮ ಕೈ ಸುಮ್ಮನಾಗುವಲ್ಲೇ ಅವರ ಪೆಟ್ಟು. ಜಾಝಿನ ತೂಗು ಅರ್ಧ ಅಲ್ಲಿಂದ ಬರುತ್ತದೆ. ಉಳಿದರ್ಧ ನಡೆಯಲ್ಲಿದೆ. ಅದು ಎಣಿಕೆಯನ್ನು ನಾಲ್ಕಾಗಿ ಒಡೆಯುವ ಚತುರಶ್ರವೂ ಅಲ್ಲ, ಮೂರಾಗಿ ಒಡೆಯುವ ಪೂರ್ತಿ ತಿಶ್ರವೂ ಅಲ್ಲ, ಎರಡರ ನಡುವೆ ಜೋಲಾಡುತ್ತದೆ. ವೇಗ ಹೆಚ್ಚಿದಂತೆ ಚತುರಶ್ರದ ಕಡೆಗೆ, ತಗ್ಗಿದಂತೆ ತಿಶ್ರದ ಕಡೆಗೆ ವಾಲುತ್ತದೆ. ಇದನ್ನು ತಕಧಿಮಿ ಸೊಲ್ಲುಕಟ್ಟಿನಲ್ಲಿ ಹೇಳಿ ನೋಡಿ, ನಾಲಿಗೆಗೆ ಕಷ್ಟ ಗೊತ್ತಾಗುತ್ತದೆ.

ಬಾಸ್ಟನ್ನಿನಲ್ಲಿ ಪ್ರೆಸ್ಟೀಜ್ ಕಂಪನಿಗೆ ಮಾಡಿದ ಮೊದಮೊದಲ ರೆಕಾರ್ಡುಗಳಲ್ಲಿ ಪಾರ್ಕರ್ ಅವರ ಛಾಯೆ ಗಾಢವಾಗಿದೆ, ಅದನ್ನು ಒಪ್ಪಬೇಕು. ಅವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಿಯಾನೋ ನುಡಿಸಿದ ಡಿಕ್ ಟ್ವಾರ್ಡ್‌ಜಿಕ್ ಎಂಬ ಹುಡುಗ. 1955ರಲ್ಲಿ, ಇಪ್ಪತ್ನಾಲ್ಕನೆಯ ವಯಸ್ಸಿಗೆ, ಪ್ಯಾರಿಸ್ಸಿನಲ್ಲಿ ಹೆರಾಯಿನ್ನಿಗೆ ಬಲಿಯಾದ. ಆ ಪೀಳಿಗೆಯಲ್ಲಿ ಹಾಗೆ ಹೋದವರು ಎಷ್ಟು ಜನ! ಮಾರಿಯಾನೋ ಎಂಬತ್ತೈದು ವರ್ಷ ಬದುಕಿದರು, 2009ರವರೆಗೆ, ಜರ್ಮನಿಯ ಕಲೋನಿನಲ್ಲಿ ತೀರಿಕೊಂಡರು.

ಆಮೇಲೆ ಸ್ಟಾನ್ ಕೆಂಟನ್ ಅವರ ದೊಡ್ಡ ವಾದ್ಯವೃಂದ. 1955ರ ‘ಕಾಂಟೆಂಪರರಿ ಕಾನ್ಸೆಪ್ಟ್ಸ್’ ರೆಕಾರ್ಡಿನಲ್ಲಿ ‘ಸ್ಟೆಲ್ಲಾ ಬೈ ಸ್ಟಾರ್‌ಲೈಟ್’ ಮಾರಿಯಾನೋಗೆಂದೇ ಬಿಟ್ಟುಕೊಟ್ಟದ್ದು. ವಾದ್ಯ ಹೊಂದಿಸಿದವರು ಬಿಲ್ ಹೋಲ್ಮನ್. ನೀವು ಒಂದೇ ಒಂದನ್ನು ಕೇಳುವುದಾದರೆ ಇದನ್ನು ಕೇಳಿ. ಹಿಂದೆ ಹಿತ್ತಾಳೆ ವಾದ್ಯಗಳ ದೊಡ್ಡ ಗೋಡೆ, ಎದುರಿಗೆ ಒಂದೇ ಒಂದು ಆಲ್ಟೋ. ಅದರ ನಾದವನ್ನು ಗಮನಿಸಿ. ಪಾರ್ಕರ್ ಅವರದು ಒಣ, ಗಡುಸು ನಾದ, ಕಂಪನ ಕಡಿಮೆ, ಕತ್ತಿಯ ಅಂಚು. ಮಾರಿಯಾನೋ ಅವರದರಲ್ಲಿ ನೀರಿದೆ. ಉದ್ದದ ಸ್ವರವನ್ನು ಕೆಳಗಿನಿಂದ ಎತ್ತಿ ಹಿಡಿದು, ನಡುವೆ ಉಬ್ಬಿಸಿ, ನಡುಗಿಸಿ ಬಿಡುತ್ತಾರೆ. ಗಂಟಲು ಕಟ್ಟಿದವರು ಮಾತಾಡಿದ ಹಾಗೆ. ಗಮಕ ಎಂಬ ಪದವನ್ನು ಅವರು ಆಗ ಕೇಳಿರಲಾರರು. ಆದರೂ ಸ್ವರವನ್ನು ನಿಂತಲ್ಲೇ ಬಿಡದೆ ಬಾಗಿಸಬೇಕೆಂಬ ಹಂಬಲ ಆಗಲೇ ಅವರಲ್ಲಿತ್ತು. ನಾಗಸ್ವರ ಕೇಳಿದಾಗ ಅವರಿಗೆ ಏನಾಗಿರಬಹುದು ಎಂದು ನನಗೆ ಅರ್ಥವಾದದ್ದು ‘ಸ್ಟೆಲ್ಲಾ’ ಕೇಳಿದ ಮೇಲೆ.

ಇಲ್ಲಿ ನನ್ನದೊಂದು ತಕರಾರಿದೆ. ಆ ಕಾಲದ ಆಲ್ಟೋ ವಾದಕರನ್ನೆಲ್ಲ ಪಾರ್ಕರ್ ಅವರ ನೆರಳು ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕುವ ರೂಢಿ ಇದೆ. ಸನ್ನಿ ಸ್ಟಿಟ್ ಅವರಂಥ ದೊಡ್ಡ ವಾದಕರನ್ನೂ ಆ ಹೋಲಿಕೆ ಜೀವನವಿಡೀ ಬಿಡಲಿಲ್ಲ. ನಮ್ಮ ಪರಂಪರೆಯಲ್ಲಿ ಬೆಳೆದವರು ಹಾಗೆ ಯೋಚಿಸಬಾರದು. ಗುರುವಿನ ಬಾನಿಯಲ್ಲಿ ಹಾಡುವ ಶಿಷ್ಯನನ್ನು ನಾವು ನಕಲು ಅನ್ನುತ್ತೇವೆಯೇ? ಬಾನಿ ಉಳಿಸಿಕೊಂಡೇ ತನ್ನತನ ತೋರುವುದನ್ನು ಕಾದು ಕೇಳುತ್ತೇವೆ. ಅದೇ ಕಿವಿಯನ್ನು ಬೀಬಾಪಿಗೂ ಕೊಡೋಣ. ಪಾರ್ಕರ್ ಹಾಕಿದ್ದು ಒಂದು ಬಾನಿ, ಮಾರಿಯಾನೋ ಆ ಬಾನಿಯ ಒಬ್ಬ ಒಳ್ಳೆಯ ವಿದ್ವಾಂಸರು.

ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ‘ತೊಶಿಕೋ ಮಾರಿಯಾನೋ ಕ್ವಾರ್ಟೆಟ್’. ಜಪಾನಿನಿಂದ ಬಾಸ್ಟನ್ನಿಗೆ ಕಲಿಯಲು ಬಂದ ಪಿಯಾನೋ ವಾದಕಿ ತೊಶಿಕೋ ಅಕಿಯೋಶಿಯವರನ್ನು ಮಾರಿಯಾನೋ 1959ರಲ್ಲಿ ಮದುವೆಯಾದರು. ಮುಂದಿನ ವರ್ಷ ನಾಲ್ಕೇ ಜನ ಕೂತು ಮಾಡಿದ ರೆಕಾರ್ಡು ಇದು. ತೊಶಿಕೋ ಅವರೇ ರಚಿಸಿದ ‘ಲಾಂಗ್ ಯೆಲ್ಲೋ ರೋಡ್’ ಇದರಲ್ಲಿದೆ. ಗಂಡ ಹೆಂಡತಿ ಒಬ್ಬರ ಮಾತಿನ ಕೊನೆಯನ್ನು ಇನ್ನೊಬ್ಬರು ಎತ್ತಿಕೊಳ್ಳುವುದು ಕೇಳಿಸುತ್ತದೆ. ಮದುವೆ ಮುಂದೆ ಮುರಿಯಿತು. ಈ ರೆಕಾರ್ಡು ಮಾತ್ರ ಇನ್ನೂ ಬೆಚ್ಚಗಿದೆ.

1963ರಲ್ಲಿ ಬಾಸ್ ವಾದಕ ಚಾರ್ಲ್ಸ್ ಮಿಂಗಸ್ ಅವರ ‘ದ ಬ್ಲ್ಯಾಕ್ ಸೇಂಟ್ ಅಂಡ್ ದ ಸಿನ್ನರ್ ಲೇಡಿ’ಯಲ್ಲಿ ಅಳುವ ಆಲ್ಟೋ ಕೂಡ ಇವರದೇ. ಅದರ ಬಗ್ಗೆ ಜಗತ್ತೇ ಬರೆದಿದೆ, ನಾನು ಬರೆಯುವುದಿಲ್ಲ.

ಅರವತ್ತರ ದಶಕದ ಕೊನೆಭಾಗದಲ್ಲಿ ಅವರು ರೇಡಿಯೋ ಮಲೇಷ್ಯಾದ ವಾದ್ಯವೃಂದಕ್ಕೆ ಮಾರ್ಗದರ್ಶನ ಮಾಡಲು ಕ್ವಾಲಾಲಂಪುರಕ್ಕೆ ಹೋಗಿದ್ದಾಗ ನಾಗಸ್ವರ ಕಿವಿಗೆ ಬಿತ್ತು. ನಲವತ್ತು ದಾಟಿದ ಹೆಸರಾಂತ ವಾದಕ ಶಿಷ್ಯನಾಗಿ ನೆಲದ ಮೇಲೆ ಕೂತರು. ಇದನ್ನು ಓದುವಾಗ ನನಗೆ ನಮ್ಮ ಕದ್ರಿ ಗೋಪಾಲನಾಥರು ನೆನಪಾಗುತ್ತಾರೆ. ನಾಗಸ್ವರದ ಮನೆಯಲ್ಲಿ ಹುಟ್ಟಿದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಅದಕ್ಕೆ ಮನಸೋತರು. ಒಬ್ಬರು ನಾಗಸ್ವರದಿಂದ ಸ್ಯಾಕ್ಸೋಫೋನಿಗೆ, ಇನ್ನೊಬ್ಬರು ಸ್ಯಾಕ್ಸೋಫೋನಿನಿಂದ ನಾಗಸ್ವರಕ್ಕೆ. ಕದ್ರಿಯವರು ಸ್ಯಾಕ್ಸೋಫೋನನ್ನು ನಮ್ಮ ಸಂಗೀತಕ್ಕೆ ಬಗ್ಗಿಸಲು ಎಷ್ಟು ವರ್ಷ ತಪಸ್ಸು ಮಾಡಿದರೆಂದು ನಾವು ಕಣ್ಣರಳಿಸಿ ಹೇಳುತ್ತೇವೆ. ಅಂಥದೇ ತಪಸ್ಸು ಬೀಬಾಪಿನಲ್ಲೂ ಇದೆ ಎಂದು ಒಪ್ಪಿಕೊಳ್ಳಲು ನಮಗೇಕೆ ಇಷ್ಟು ಹಿಂಜರಿಕೆ?

ಹಳೆಯ ರೆಕಾರ್ಡುಗಳನ್ನು ಕೇಳಿ ಮುಗಿಸಿ, ಮತ್ತೆ ‘ಜ್ಯೋತಿ’ ಹಾಕಿದೆ. ಎಷ್ಟೋ ವರ್ಷ ಕೇಳಿದ್ದು ಬೇರೆಯಾಗಿ ಕೇಳಿಸಿತು. ಮಣಿಯವರ ಮೃದಂಗ ಸಮಕ್ಕೆ, ಅಂದರೆ ಆವರ್ತದ ಮೊದಲ ಎಣಿಕೆಗೆ, ಬಂದು ಕೂರುವಾಗ ಮಾರಿಯಾನೋ ಎಲ್ಲ ಸಲವೂ ಜೊತೆಗೆ ಬಂದು ಕೂರುವುದಿಲ್ಲ. ಅರ್ಧ ಎಣಿಕೆ ಮೊದಲೋ ಆಮೇಲೋ, ಪೆಟ್ಟಿಲ್ಲದ ಜಾಗದಲ್ಲಿ ಮಾತು ನಿಲ್ಲಿಸುತ್ತಾರೆ. ಹುಡುಗನಾಗಿದ್ದಾಗ ಅದು ನನಗೆ ಲೆಕ್ಕ ತಪ್ಪಿದ ಹಾಗೆ ಕೇಳಿಸುತ್ತಿತ್ತು, ವಿದೇಶಿಯರು ಪಾಪ ಎಂದು ಕ್ಷಮಿಸಿಬಿಡುತ್ತಿದ್ದೆ. ಬೀಬಾಪಿನ ವಾಕ್ಯಗಳು ಮುಗಿಯುವುದೇ ಹಾಗೆ! ಶೆಲ್ಲಿ ಮ್ಯಾನ್ ಅವರ ಹೈಹ್ಯಾಟಿಗೆ ವರ್ಷಗಟ್ಟಲೆ ಉತ್ತರ ಕೊಟ್ಟು ರೂಢಿಯಾದ ಉಸಿರು ಅದು. ರಮಾಮಣಿಯವರು ಆ ಜಾಗವನ್ನು ಗುರುತಿಸಿ, ಬಿಟ್ಟುಕೊಟ್ಟು, ಮುಂದಿನ ಸ್ವರವನ್ನು ಅಲ್ಲಿಂದಲೇ ಎತ್ತಿಕೊಂಡಂತೆ ನನಗೀಗ ಕೇಳಿಸುತ್ತದೆ.

ಮಾವನಿಗೆ ಈಗ ಎಂಬತ್ತು. ಮೈಸೂರಿನಲ್ಲಿದ್ದಾರೆ. ಮೊನ್ನೆ ಅವರ ವಾಟ್ಸಾಪಿಗೆ ‘ಲಾಂಗ್ ಯೆಲ್ಲೋ ರೋಡ್’ ಕಳಿಸಿದ್ದೆ, ಯಾರು ಏನು ಅಂತ ಬರೆಯದೆ. ರಾತ್ರಿ ಹತ್ತೂವರೆಗೆ ಫೋನ್ ಮಾಡಿದರು.

“ಇದು ನಾನು ತಂದುಕೊಟ್ಟಿದ್ದ ಕ್ಯಾಸೆಟ್ಟಿನ ಮನುಷ್ಯ ಅಲ್ವೇನೋ?”

“ಹೌದು ಮಾವ. ಹೇಗೆ ಗೊತ್ತಾಯ್ತು?”

“ಆ ಅಳು ಗೊತ್ತಾಗಲ್ವೇನೋ. ಇನ್ನೊಂದಿದ್ರೆ ಕಳಿಸು, ಮಲಗಕ್ಕೆ ಮುಂಚೆ ಕೇಳ್ತೀನಿ.”

‘ಸ್ಟೆಲ್ಲಾ’ ಕಳಿಸಿದೆ.