ಹಿತ್ತಿಲ ಬಾಗಿಲಿಗೆ ಪ್ಯಾಚ್ ನಂಬರ್ 001

ನಮ್ಮ ಮನೆಯಲ್ಲಿ ಕಂಪ್ಯೂಟರಿಗೆ ಪ್ಯಾಚ್, ಅಂದರೆ ತಪ್ಪು ಸರಿಪಡಿಸುವ ತಿದ್ದುಪಡಿ, ಹಾಕಲಿಕ್ಕೆ ಇಂಟರ್ನೆಟ್ ಯಾವ ಹೊತ್ತಿಗೆ ನಿಲ್ಲಿಸಬೇಕು ಅನ್ನುವುದನ್ನು ಅಪ್ಪ ಪಂಚಾಂಗ ನೋಡಿ ಹೇಳುತ್ತಾರೆ. ರಾಹುಕಾಲದಲ್ಲಿ ಕೂಡದು. ಮಧ್ಯಾಹ್ನ ಊಟ ಆದಮೇಲೆ ಅಮ್ಮನ ಧಾರಾವಾಹಿ, ಆಗಲೂ ಕೂಡದು. ಸಂಜೆಯಾದರೆ ಎಲ್ಲಾದರೂ ಒಂದು ಕಡೆ ಯಕ್ಷಗಾನದ ಲೈವ್ ಇದ್ದೇ ಇರುತ್ತದೆ, ಆಗಂತೂ ಆ ಮಾತೇ ಎತ್ತುವಂತಿಲ್ಲ. ಉಳಿಯುವುದು ಬೆಳಗಿನ ಕಾಫಿಯ ನಂತರದ ಸ್ವಲ್ಪ ಹೊತ್ತು. ಆಗ ಕರೆಂಟ್ ಇರುವುದಿಲ್ಲ.

ಈ ಎಲ್ಲ ರಗಳೆ ತಂದಿಟ್ಟವನು ಅಕ್ಕನ ಮಗ. ಬೆಂಗಳೂರಿನಲ್ಲಿ ಕೆಲಸ. ಒಂದು ದೀಪಾವಳಿಗೆ ಕಾಸರಗೋಡಿನ ನಮ್ಮ ಪೆರ್ಲಕ್ಕೆ ಬಂದವನು ಅಟ್ಟದಲ್ಲಿದ್ದ ಹಳೇ ಕಂಪ್ಯೂಟರ್ ಇಳಿಸಿ, ಧೂಳು ಕೊಡವಿ, ಒಳಗಿದ್ದ ಹಲ್ಲಿ ಮೊಟ್ಟೆಗಳನ್ನು ತೆಗೆದು, ಅದಕ್ಕೆ ಓಪನ್‌ಬಿಎಸ್‌ಡಿ ಹಾಕಿದ. "ಮಾವ, ಇನ್ನು ಮೇಲೆ ಮನೆಯ ನೆಟ್ ಎಲ್ಲ ಇದರ ಮೂಲಕವೇ ಬರುವುದು. ಕಾವಲಿಗೆ ಇರಲಿ" ಅಂದ. ಕಾಯುವುದಕ್ಕೆ ನಮ್ಮಲ್ಲಿ ಎಂತ ಉಂಟು? ಹೋದ ವರ್ಷದ ಅಡಿಕೆ ಲೆಕ್ಕ, ಉಪನಯನದ ಫೋಟೋಗಳು. ಕಾವಲಿಗೆ ಎರಡು ನಾಯಿಗಳು ಮೊದಲೇ ಇವೆ. ಆದರೂ ಅಳಿಯ ಹೇಳಿದ ಮೇಲೆ ಮಾವ ಬೇಡ ಅನ್ನುವುದು ಹೇಗೆ?

ಈ ಓಪನ್‌ಬಿಎಸ್‌ಡಿ ಪುಕ್ಕಟೆ ಸಿಗುವ ಆಪರೇಟಿಂಗ್ ಸಿಸ್ಟಂ. 1995ರಲ್ಲಿ ಥಿಯೋ ಡಿ ರಾಡ್ಟ್ ಅನ್ನುವವರು ನೆಟ್‌ಬಿಎಸ್‌ಡಿ ಬಳಗದಿಂದ ಪಾಲು ಮಾಡಿಕೊಂಡು ಹೊರಬಂದು ಶುರು ಮಾಡಿದ್ದು. ಕೆನಡಾದ ಕ್ಯಾಲ್ಗರಿ ಅವರ ಊರು. ಲಾಂಛನಕ್ಕೆ ಮೈಯುಬ್ಬಿಸಿ ಮುಳ್ಳು ಬಿಡುವ ಒಂದು ಮೀನು. ಇನ್‌ಸ್ಟಾಲ್ ಆದ ಕೂಡಲೇ ಅದರ ಅಂಚೆಪೆಟ್ಟಿಗೆಯಲ್ಲಿ ಡಿ ರಾಡ್ಟ್ ಅವರ ಹೆಸರಿನಲ್ಲಿ ಒಂದು ಸ್ವಾಗತ ಪತ್ರ ಕಾದಿರುತ್ತದೆ. ಅಪ್ಪ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅವರು ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ ಕಾಗದ ಓದಿ ಕಣ್ಣು ಸವೆಸಿಕೊಂಡವರು. "ಅಷ್ಟು ದೂರದಿಂದ ಬರೆದಿದ್ದಾರೆ, ಉತ್ತರ ಬರೆಯುವುದು ಬೇಡವಾ?" ಅಂತ ಕೇಳಿದರು. ಬಂದ ವಿಳಾಸದಲ್ಲೇ 'ಉತ್ತರಿಸಬೇಡಿ' ಅಂತ ಇತ್ತು. "ಹಾಗಾದರೆ ಇದು ಪತ್ರ ಅಲ್ಲ, ನೋಟಿಸು" ಅಂದರು.

ಅಳಿಯ ಬೆಂಗಳೂರಿಗೆ ಹೋದ. ನನಗೆ ವಹಿಸಿದ್ದು ಒಂದೇ ಕೆಲಸ. ಅವನು ವಾಟ್ಸಾಪಿನಲ್ಲಿ "ಮಾವ, ಪ್ಯಾಚ್ ಬಂದಿದೆ" ಅಂದಾಗ ಕಪ್ಪು ಪರದೆಯ ಮುಂದೆ ಕುಳಿತು 'ಸಿಸ್‌ಪ್ಯಾಚ್' ಅಂತ ಟೈಪ್ ಮಾಡಿ ಎಂಟರ್ ಒತ್ತುವುದು. ಮೌಸ್ ಇಲ್ಲ, ಬಣ್ಣ ಇಲ್ಲ. 'ಅಭಿನಂದನೆಗಳು' ಅನ್ನುವ ಉಪಚಾರವೂ ಇಲ್ಲ. ಈ ಆಜ್ಞೆ ಬಂದದ್ದು 2017ರಲ್ಲಿ, 6.1ನೇ ಆವೃತ್ತಿಯೊಂದಿಗೆ. ಅದಕ್ಕೆ ಮೊದಲು ತಿದ್ದುಪಡಿಯ ಮೂಲ ಸಾಲುಗಳನ್ನೇ ಇಳಿಸಿಕೊಂಡು, ನಾವೇ ಕಂಪೈಲ್ ಮಾಡಿ, ಅಂದರೆ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಂದುಕೊಳ್ಳಬೇಕಿತ್ತಂತೆ. "ನಿಮ್ಮ ಪುಣ್ಯ ಮಾವ" ಅಂದ ಅಳಿಯ. ಪುಣ್ಯ ಅಂದರೆ ಇಂಥದ್ದು ಅಂತ ಗೊತ್ತಿರಲಿಲ್ಲ.

ಅಪ್ಪನಿಗೆ ಮಾತ್ರ ಇದು ಭಾರೀ ಹಿಡಿಸಿತು. ಕಾರಣ ಪ್ಯಾಚ್ ಪಟ್ಟಿಯನ್ನು ಓಪನ್‌ಬಿಎಸ್‌ಡಿಯವರು ಬರೆಯುವ ರೀತಿ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಉಂಟು: 001, 002, 003. ತಾರೀಕು ಉಂಟು. ಪಕ್ಕದಲ್ಲಿ 'ಸೆಕ್ಯುರಿಟಿ ಫಿಕ್ಸ್' ಅಥವಾ 'ರಿಲಯಬಿಲಿಟಿ ಫಿಕ್ಸ್' ಅಂತ ಒಂದು ತಲೆಬರಹ: ಮೊದಲನೆಯದು ಕಳ್ಳ ನುಗ್ಗುವ ಸಂದಿಗೆ, ಎರಡನೆಯದು ಯಂತ್ರ ಕೈಕೊಡುವ ದೋಷಕ್ಕೆ. ಯಾವ ನಮೂನೆಯ ಯಂತ್ರಗಳಿಗೆ ಬೇಕು ಅಂತ ಒಂದು ಮಾತು. ಆಮೇಲೆ ತಪ್ಪು ಎಲ್ಲಿತ್ತು ಅಂತ ಒಂದೆರಡು ಸಾಲು. ಮುಗಿಯಿತು. ಕ್ಷಮೆ ಕೇಳುವುದಿಲ್ಲ, ಬೆನ್ನು ತಟ್ಟಿಕೊಳ್ಳುವುದೂ ಇಲ್ಲ. "ಇದು ಆರ್ಡರು. ಹೀಗೆ ಬರೆಯುವ ಮುನ್ಸೀಫರು ಈಗ ಎಲ್ಲಿದ್ದಾರೆ?" ಅಂತ ಅಪ್ಪ ಮೆಚ್ಚಿ ತಲೆಯಾಡಿಸಿದರು.

ನನಗೂ ಅಲ್ಲಿ ಅವರ ಮಾತು ಸರಿ ಕಂಡಿತು. ನನ್ನ ಫೋನಿನ ಆ್ಯಪ್‌ಗಳು ವಾರಕ್ಕೊಂದು ಸಲ ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ಯಾಕೆ ಅಂತ ನೋಡಿದರೆ 'ಕೆಲವು ದೋಷಗಳನ್ನು ಸರಿಪಡಿಸಿದ್ದೇವೆ, ಅನುಭವವನ್ನು ಉತ್ತಮಗೊಳಿಸಿದ್ದೇವೆ' ಅಂತ ಇರುತ್ತದೆ. ಎಂತ ದೋಷ? ಯಾರ ಅನುಭವ? ಹಣದ ವ್ಯವಹಾರದ ಆ್ಯಪ್ ಹೀಗೆ ಬರೆದರೆ ನನಗೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಪ್ಯಾಚ್ ಇಲ್ಲದ ದಿನ ಅಪ್ಪನಿಗೆ ಇನ್ನೊಂದು ಓದು ಸಿಕ್ಕಿತು. ಈ ಯಂತ್ರ ರಾತ್ರಿ ತನ್ನ ಮೈಯನ್ನು ತಾನೇ ತಡವಿ ನೋಡಿಕೊಂಡು, ಎಲ್ಲಾದರೂ ವ್ಯತ್ಯಾಸ ಕಂಡರೆ 'ದೈನಿಕ ಅಭದ್ರತಾ ವರದಿ' ಅಂತ ಒಂದು ಕಾಗದ ಬರೆದಿಡುತ್ತದೆ. ಪೇಪರಿನ ಚರಮ ಪುಟ ಮುಗಿಸಿದ ಮೇಲೆ ಅಪ್ಪನಿಗೆ ಅದು ಬೇಕು. "ಇವತ್ತಿನ ಅಭದ್ರತೆ ಎಂತದು?" ಅಂತ ಜಗಲಿಯಿಂದಲೇ ಕೂಗುತ್ತಾರೆ. ದಾರಿಯಲ್ಲಿ ಹೋಗುವವರು ಒಂದು ಕ್ಷಣ ನಿಂತು ಮನೆ ಕಡೆ ನೋಡುತ್ತಾರೆ. ಇಷ್ಟು ಜಾಗ್ರತೆ ಇರುವ ಅಪ್ಪ ಅದರ ಪಾಸ್‌ವರ್ಡನ್ನು ಬರೆದಿಟ್ಟದ್ದು ಎಲ್ಲಿ ಅಂತೀರಿ? ಜಗಲಿಯಲ್ಲಿ ತೂಗಿದ ಕ್ಯಾಲೆಂಡರಿನಲ್ಲಿ, ಏಕಾದಶಿಯ ಚೌಕದೊಳಗೆ. ಅಳಿಯ ವೀಡಿಯೋ ಕಾಲಿನಲ್ಲಿ ಅದನ್ನು ಕಂಡು, "ಅಜ್ಜ, ಅದನ್ನು ಈಗಲೇ ತೆಗೆಯಿರಿ" ಅಂತ ಬೊಬ್ಬೆ ಹಾಕಿದ. "ಇನ್ನು ನಾನು ಸತ್ತರೆ ಯಾರಿಗೆ ಗೊತ್ತಾಗುವುದು?" ಅಂದರು ಅಪ್ಪ. ಪಾಸ್‌ವರ್ಡ್ ಬದಲಾಯಿತು. ಹೊಸದು ದ್ವಾದಶಿಯ ಚೌಕಕ್ಕೆ ಹೋಯಿತು.

ಮೇ ತಿಂಗಳ ಒಂದು ಸಂಜೆ ಪ್ಯಾಚ್ ಹಾಕುತ್ತಿದ್ದೆ. ಅಂದು ಯಾವ ಲೈವ್ ಕೂಡ ಇರಲಿಲ್ಲ, ಕರೆಂಟ್ ಇತ್ತು, ಪಂಚಾಂಗದ ಒಪ್ಪಿಗೆಯೂ ಇತ್ತು. ಎಲ್ಲ ಕೂಡಿ ಬಂದದ್ದೇ ಅನುಮಾನಕ್ಕೆ ಕಾರಣ ಆಗಬೇಕಿತ್ತು. ಪ್ಯಾಚ್ ಇಳಿಯಿತು, ಸಹಿ ತಾಳೆ ನೋಡಿ ಆಯಿತು. ಸಿಸ್ಟಂನ ತಿರುಳಾದ ಕರ್ನಲ್ಲಿನ ತುಂಡುಗಳನ್ನು ಹೊಸ ಕ್ರಮದಲ್ಲಿ ಜೋಡಿಸುತ್ತಿದ್ದೇನೆ ಅಂತ ಪರದೆ ಹೇಳುತ್ತಿತ್ತು. ಒಂದು ಯಂತ್ರದಲ್ಲಿದ್ದ ಕ್ರಮ ಇನ್ನೊಂದರಲ್ಲಿ ಇರುವುದಿಲ್ಲ. ಕಳ್ಳ ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ನಡೆಯಬಾರದು ಅಂತ. ನಮ್ಮ ಹಳೇ ಯಂತ್ರಕ್ಕೆ ಈ ಜೋಡಣೆ ಅಂದರೆ ಏದುಸಿರು. ಅಷ್ಟರಲ್ಲಿ ಪಶ್ಚಿಮದಲ್ಲಿ ಗುಡುಗಿತು.

ನಮ್ಮ ಕಡೆ ಗುಡುಗಿದರೆ ಏನು ಮಾಡಬೇಕು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಸಿಡಿಲಿಗೆ ಮೋಡೆಮ್ ಸುಟ್ಟುಕೊಳ್ಳದ ಮನೆ ಈ ಸುತ್ತಿನಲ್ಲಿ ಇರಲಾರದು. ಅಮ್ಮ ಅಡುಗೆಮನೆಯಿಂದ ಓಡಿ ಬಂದು, ಟಿವಿ, ಫ್ರಿಜ್ ಅಂತ ಸಾಲಾಗಿ ಪ್ಲಗ್ ಕಿತ್ತುಕೊಂಡು ಬಂದರು. ನಾನು "ಅಮ್ಮಾ, ಅದು" ಅನ್ನುವಷ್ಟರಲ್ಲಿ ಅದೂ ಹೋಯಿತು. ಕೈಯಲ್ಲಿ ಪ್ಲಗ್ ಹಿಡಿದುಕೊಂಡು, "ಜೀವಕ್ಕಿಂತ ದೊಡ್ಡದಾ?" ಅಂದರು. ಅದಕ್ಕೆ ಉತ್ತರ ಇಲ್ಲ.

ಮಳೆ ನಿಂತ ಮೇಲೆ ಹಚ್ಚಿದರೆ ಯಂತ್ರ ಅರ್ಧಕ್ಕೆ ನಿಂತುಕೊಂಡಿತು. ಡಿಸ್ಕಿನಲ್ಲಿ ಲೆಕ್ಕ ತಾಳೆಯಾಗುತ್ತಿಲ್ಲ, ನೀವೇ ಕುಳಿತು ಸರಿ ಮಾಡಿ ಅಂತ ಇಂಗ್ಲಿಷಿನಲ್ಲಿ ದೊಡ್ಡಕ್ಷರದ ಬರಹ. ಅಳಿಯನಿಗೆ ಫೋನ್ ಮಾಡಬೇಕು. ಮನೆಯ ನೆಟ್ ಇಲ್ಲವಾದ್ದರಿಂದ ಮೊಬೈಲ್ ರೇಂಜೇ ಗತಿ. ನಮ್ಮಲ್ಲಿ ರೇಂಜ್ ಇರುವುದು ಬಾವಿಕಟ್ಟೆಯ ಹತ್ತಿರ, ಅದೂ ಬಡಗು ಮುಖ ಮಾಡಿ ನಿಂತರೆ. ಹಾಗಾಗಿ ನಾನು ಬಾವಿಕಟ್ಟೆಯಲ್ಲಿ, ಅಮ್ಮ ಅಡುಗೆಮನೆ ಬಾಗಿಲಲ್ಲಿ, ಅಪ್ಪ ಕಂಪ್ಯೂಟರಿನ ಮುಂದೆ. ಬೆಂಗಳೂರಿನ ಮಾತು ಮೂವರ ಬಾಯಿ ದಾಟಿ ಪರದೆಗೆ ತಲುಪಬೇಕು.

"ಎಲ್ಲ ಪ್ರಶ್ನೆಗೂ ವೈ ಒತ್ತಲಿಕ್ಕೆ ಹೇಳಿ" ಅಂದ ಅಳಿಯ.

"ಎಲ್ಲದಕ್ಕೂ ವೈ ಅಂತೆ!" ಅಂತ ಅಮ್ಮ ಒಳಗೆ ದಾಟಿಸಿದರು.

ಒಳಗಿಂದ ಸದ್ದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅಪ್ಪನ ಸ್ವರ ಬಂತು. "ಪ್ರಶ್ನೆ ಓದದೆ ಹೂಂ ಅನ್ನುವುದಾ? ಸರ್ವಿಸಿನಲ್ಲಿ ಓದದೆ ಒಂದು ಕಾಗದಕ್ಕೂ ಸೀಲ್ ಹಾಕಿದವನಲ್ಲ ನಾನು. ಇಲ್ಲಿ 'ಕ್ಲಿಯರ್?' ಅಂತ ಕೇಳುತ್ತಿದೆ. ಎಂತದನ್ನು ಕ್ಲಿಯರ್ ಮಾಡುವುದು ಅಂತ ಕೇಳು."

ಹೈಫನ್ ವೈ ಅಂತ ಒಂದು ಉಪಾಯ ಉಂಟು, ಡಿಸ್ಕ್ ತಪಾಸಣೆಯ ಎಫ್‌ಎಸ್‌ಸಿಕೆ ಅನ್ನುವುದರ ಮುಂದೆ ಅದನ್ನು ಹಾಕಿದರೆ ಎಲ್ಲದಕ್ಕೂ ಅದೇ ಹೂಂ ಅಂದುಕೊಳ್ಳುತ್ತದೆ ಅಂತ ಅಳಿಯ ಹೇಳಿದ. ಅದು ಒಳಗೆ ತಲುಪಿದ್ದೇ ತಡ, "ಖಾಲಿ ಕಾಗದಕ್ಕೆ ಸಹಿ ಹಾಕಿಸುತ್ತಿದ್ದಾನೆ ಈ ಹುಡುಗ" ಅಂತ ಅಪ್ಪ ಸಿಟ್ಟಾದರು. ಒಂದೊಂದು ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ, ಬೆಂಗಳೂರಿನ ಅಭಿಪ್ರಾಯ ತರಿಸಿಕೊಂಡು, ಆಮೇಲೆ ವೈ ಒತ್ತಿದರು. ಸೊಳ್ಳೆ ಕಚ್ಚಿ ಕಚ್ಚಿ ನನ್ನ ಕಾಲು ದಪ್ಪವಾಯಿತು. ಯಂತ್ರ ಎದ್ದಾಗ ಊಟದ ಹೊತ್ತು ಮೀರಿತ್ತು. ಪ್ಯಾಚ್ ಮತ್ತೆ ಮೊದಲಿನಿಂದ.

ಹೆಂಡತಿ ಶಾಲೆಯಲ್ಲಿ ಟೀಚರ್. ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರಿತ ಲಿನಕ್ಸ್ ನಡೆಯುವುದು ಎಷ್ಟೋ ವರ್ಷದಿಂದ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಂಪ್ಯೂಟರ್ ಕಲಿಯುವುದು. ಅವಳು ಕೇಳಿದಳು: "ಉಬುಂಟುವಿನ ದೀರ್ಘಾವಧಿ ಆವೃತ್ತಿಯಾದ ಎಲ್‌ಟಿಎಸ್‌ಗೆ ಐದು ವರ್ಷ ತಿದ್ದುಪಡಿ ಬರುತ್ತದೆ. ನಿಮ್ಮದಕ್ಕೆ?" ನಮ್ಮದಕ್ಕೆ ಆರು ತಿಂಗಳಿಗೊಂದು ಹೊಸ ಆವೃತ್ತಿ. ಪ್ಯಾಚ್ ಸಿಗುವುದು ಈಗಿನದಕ್ಕೆ ಮತ್ತು ಅದರ ಹಿಂದಿನದಕ್ಕೆ ಮಾತ್ರ. ಅಂದರೆ ಹುಟ್ಟಿದ ವರ್ಷಕ್ಕೇ ಮುಪ್ಪು. ನಾನು ಸುಮ್ನೆ ಚಹಾ ಕುಡಿದೆ. ಅಪ್ಪ ಬಿಡಲಿಲ್ಲ. ಆವೃತ್ತಿಗಳು ಬರುವುದು ಹೆಚ್ಚಾಗಿ ಮೇ ತಿಂಗಳ ಸುತ್ತಮುತ್ತ ಒಂದು, ಅಕ್ಟೋಬರ್-ನವೆಂಬರಿನಲ್ಲಿ ಒಂದು. "ಪತ್ತನಾಜೆಗೆ ಒಂದು, ದೀಪಾವಳಿಗೆ ಒಂದು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವುದು, ಕಟ್ಟುವುದು ಅದೇ ಹೊತ್ತಿಗಲ್ವಾ? ಕೆನಡಾದವರಿಗೂ ಗೊತ್ತುಂಟು" ಅಂದರು. ಬಹಳಷ್ಟು ಆವೃತ್ತಿಗಳ ಜೊತೆ ಒಂದು ಹಾಡನ್ನೂ ಬಿಡುತ್ತಾರೆ ಅಂತ ಅಳಿಯ ಹೇಳಿದ ಮೇಲಂತೂ ಅಪ್ಪನಿಗೆ ಸಂಶಯವೇ ಉಳಿಯಲಿಲ್ಲ.

ಇನ್ನು ದನದ ವಿಷಯ.

ನಮ್ಮ ಹಿತ್ತಿಲ ಬಾಗಿಲಿನ ಚಿಲಕ ಸಡಿಲ. ಗಾಳಿ ಬಂದರೆ ತೆರೆದುಕೊಳ್ಳುತ್ತದೆ. ಆಚಾರಿಗೆ ಹೇಳಬೇಕು ಅಂತ ಅಮ್ಮ ಹೇಳುತ್ತಲೇ ಇದ್ದರು. ಅಪ್ಪ ಈಗ ಪ್ಯಾಚ್ ಪಂಡಿತರು, "ಅದು ರಿಲಯಬಿಲಿಟಿ. ಅವಸರ ಇಲ್ಲ" ಅಂತ ತೀರ್ಪು ಕೊಟ್ಟಿದ್ದರು. ಒಂದು ಬೆಳಗ್ಗೆ ನೋಡಿದರೆ ಬಾಗಿಲು ಹಾರು ಹೊಡೆದಿದೆ, ಉಗ್ರಾಣದಲ್ಲಿ ಸೆಗಣಿ, ನೆರೆಮನೆಯ ದನ ತಲೆಯೆತ್ತಿ ನಮ್ಮನ್ನೇ ನೋಡುತ್ತಿದೆ. ಪಾಯಸಕ್ಕೆ ಅಂತ ಇಟ್ಟ ಬಕ್ಕೆ ಹಲಸಿನ ಹಣ್ಣು ನಾಪತ್ತೆ.

ಇದನ್ನು ಫೋನಿನಲ್ಲಿ ಹೇಳಿದಾಗ ಅಳಿಯ ನಗುತ್ತಾ ಒಂದು ಕತೆ ಹೇಳಿದ. ನಡೆದದ್ದು 2007ರಲ್ಲಿ. ಓಪನ್‌ಬಿಎಸ್‌ಡಿಯವರು ನೆಟ್‌ನಲ್ಲಿ ಓಡಾಡುವ ಐಪಿವಿ6 ಪ್ಯಾಕೆಟ್‌ಗಳನ್ನು ಸಂಭಾಳಿಸುವ ಕಡೆ ಒಂದು ತಪ್ಪು ಸರಿ ಮಾಡಿ, ಅದಕ್ಕೆ 'ರಿಲಯಬಿಲಿಟಿ ಫಿಕ್ಸ್' ಅಂತ ಹೆಸರಿಟ್ಟರು. ಹೆಚ್ಚೆಂದರೆ ಯಂತ್ರ ಬಿದ್ದುಹೋಗಬಹುದು, ಅಷ್ಟೇ ಅಂತ ಅವರ ಲೆಕ್ಕ. ತಪ್ಪನ್ನು ಕಂಡುಹಿಡಿದಿದ್ದ ಕೋರ್ ಸೆಕ್ಯುರಿಟಿ ಅನ್ನುವ ಭದ್ರತಾ ಕಂಪನಿಯವರು ಸುಮ್ಮನಿರದೆ, ಅದೇ ಸಂದಿಯಲ್ಲಿ ದೂರದಿಂದ ಒಳನುಗ್ಗಿ ತಮ್ಮ ಕೋಡ್ ಓಡಿಸಿ ತೋರಿಸಿದರು. ತಲೆಬರಹ 'ಸೆಕ್ಯುರಿಟಿ ಫಿಕ್ಸ್' ಅಂತ ಬದಲಾಯಿತು.

"ಸೆಕ್ಷನ್ ಬದಲಾಯಿಸಿದರು ಅನ್ನು" ಅಂದರು ಅಪ್ಪ. ಅಪಘಾತ ಅಂತ ದಾಖಲಾದ ಕೇಸು ಆಮೇಲೆ ಕೊಲೆ ಪ್ರಯತ್ನ ಆಗುವುದನ್ನು ಅವರು ಬೇಕಾದಷ್ಟು ನೋಡಿದ್ದಾರೆ.

ಅಷ್ಟೇ ಅಲ್ಲ, ಅವರ ಘೋಷವಾಕ್ಯವೂ ಬದಲಾಗಬೇಕಾಯಿತು. ಮೊದಲು ದೂರದಿಂದ ನುಗ್ಗುವ ತೂತು ಒಂದೂ ಇಲ್ಲ ಅಂತ ಹೇಳಿಕೊಳ್ಳುತ್ತಿದ್ದರು. 2002ರಲ್ಲಿ ದೂರದಿಂದ ಲಾಗಿನ್ ಆಗುವ ತಂತ್ರಾಂಶವಾದ ಓಪನ್‌ಎಸ್‌ಎಸ್‌ಎಚ್‌ನಲ್ಲಿ ಸಿಕ್ಕಿದ ಮೇಲೆ ಒಂದೇ ಒಂದು ಅಂದರು. 2007ರ ನಂತರ 'ಬರೀ ಎರಡೇ' ಅಂತಾಯಿತು, ಈಗಲೂ ಹಾಗೇ ಉಂಟು. ತೂತನ್ನು ಎಣಿಸಿ ಬಾಗಿಲ ಮೇಲೆ ಬೋರ್ಡು ಹಾಕುವ ಧೈರ್ಯ ನನಗಂತೂ ಇಷ್ಟ. ಆದರೆ ಅಪ್ಪನೊಳಗಿನ ಗುಮಾಸ್ತ ಸುಮ್ಮನಿರುತ್ತಾನಾ? "ಎರಡೇನಾ? ಪಟ್ಟಿಯಲ್ಲಿ ಇಷ್ಟೊಂದು ಸೆಕ್ಯುರಿಟಿ ಅಂತ ಉಂಟಲ್ಲ?" ಅಂತ ಕೇಳಿದರು. ಹಾಕಿದ ಹಾಗೇ ಇರುವ ಯಂತ್ರಕ್ಕೆ, ಒಳಗೆ ಖಾತೆಯೇ ಇಲ್ಲದವನು ಹೊರಗಿಂದ ನುಗ್ಗುವುದಾದರೆ ಮಾತ್ರ ಆ ಲೆಕ್ಕಕ್ಕೆ ಬರುತ್ತದೆ, ಮೊದಲೇ ಒಳಗಿದ್ದವನು ಮಾಡುವ ಕಿತಾಪತಿಗೆ ಲೋಕಲ್ ಅನ್ನುತ್ತಾರೆ ಅಂತ ಅಳಿಯ ಬಿಡಿಸಿ ಹೇಳಿದ. ಅಮ್ಮ ಬಾಗಿಲ ಸಂದಿಯಲ್ಲಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು.

ಅಪ್ಪ ಅಂದೇ ಒಂದು ನೋಟ್‌ಬುಕ್ ತೆಗೆದರು. ಮನೆಯ ತಿದ್ದುಪಡಿ ಪುಸ್ತಕ. ಚೆಂದದ ಅಕ್ಷರದಲ್ಲಿ ಬರೆದರು: '001. ಸೆಕ್ಯುರಿಟಿ. ಹಿತ್ತಿಲ ಬಾಗಿಲ ಚಿಲಕದ ದೋಷದಿಂದ ಹೊರಗಿನ ದನ ಉಗ್ರಾಣ ಪ್ರವೇಶಿಸಿ ಹಲಸಿನ ಹಣ್ಣು ಪೂರ್ತಿ ತಿಂದಿದೆ. ಚಿಲಕ ಬದಲಿಸಿದೆ.' ಆಚಾರಿ ಬಂದು ಹೊಸ ಚಿಲಕ ಹಾಕಿಯೂ ಆಯಿತು.

ಮೂರನೇ ದಿನ ಅಮ್ಮ ಉಗ್ರಾಣದ ಮಣೆಗಳನ್ನು ಸರಿಸಿ ಗುಡಿಸಿದರು. ಹಿಂದೆ ಒಂದು ಬಾಳೆ ಎಲೆ. ಅದರ ಮೇಲೆ ಹಲಸಿನ ಬೇಳೆಗಳ ಅಚ್ಚುಕಟ್ಟಾದ ರಾಶಿ, ಮೇಣ ಅಂಟಿದ ಚೂರಿ, ಪಕ್ಕದಲ್ಲಿ ತೆಂಗಿನೆಣ್ಣೆಯ ಗಿಂಡಿ. ಕೈಗೆ ಎಣ್ಣೆ ಹಚ್ಚಿಕೊಂಡು ತೊಳೆ ಬಿಡಿಸುವ ದನ ನಮ್ಮ ಊರಿನಲ್ಲಿ ಇಲ್ಲ. ಸಕ್ಕರೆ ಕಾಯಿಲೆ ಅಂತ ಡಾಕ್ಟರು ಹಲಸು ಮುಟ್ಟಬೇಡಿ ಅಂದಿರುವವರು ಮನೆಯಲ್ಲಿ ಒಬ್ಬರೇ.

ಅಮ್ಮ ಏನೂ ಮಾತಾಡಲಿಲ್ಲ. ನೋಟ್‌ಬುಕ್ ತೆಗೆದು, 001ರಲ್ಲಿ 'ಪೂರ್ತಿ' ಅನ್ನುವುದನ್ನು ಹೊಡೆದು ಹಾಕಿ, ಕೆಳಗೆ ಬರೆದರು: '002. ಸೆಕ್ಯುರಿಟಿ. ಲೋಕಲ್.'

ಅಪ್ಪ ಓದಿ, ಕನ್ನಡಕ ಒರೆಸಿಕೊಂಡರು. "ಇದು ರಿಲಯಬಿಲಿಟಿ ಅಲ್ವಾ?" ಅಂತ ನನ್ನನ್ನು ಕೇಳಿದರು.

"ಪ್ಯಾಚ್ ಇಲ್ಲದ್ದಕ್ಕೆ ಎಂತ ಹೆಸರಾದರೆ ಏನು?" ಅಂದರು ಅಮ್ಮ, ಉಗ್ರಾಣಕ್ಕೆ ಬೀಗ ಜಡಿಯುತ್ತಾ.